ಕುತ್ತಿಗೆಮಣಿಯ ರಂಧ್ರಗಳನ್ನು ನೋಡಿ, ಅಳೆದು, ಬರೆದಿಡುವ ಬಗೆ

ನಮ್ಮ ಮೂಳೆಕೋಣೆಯ ಹದಿನೇಳನೆಯ ಪೆಟ್ಟಿಗೆಯಲ್ಲಿ ಒಂದು ಆರನೆಯ ಕುತ್ತಿಗೆಮಣಿ ಇದೆ. ಮೇಲಿನಿಂದ ನೋಡಿದರೆ ಅದರ ಎಡ ಅಡ್ಡಚಾಚಿನಲ್ಲಿ (ಮಣಿಯಿಂದ ಪಕ್ಕಕ್ಕೆ ಚಾಚಿದ ಮೂಳೆಯಲ್ಲಿ) ಎರಡು ತೂತುಗಳು: ಮುಂದೆ ದೊಡ್ಡದು, ಹಿಂದೆ ಗುಂಡುಸೂಜಿಯ ತಲೆ ತೂರುವಷ್ಟು ಚಿಕ್ಕದು. ನಡುವೆ ಕಾಗದದಷ್ಟು ತೆಳುವಾದ ಮೂಳೆಯ ಗೋಡೆ. ಮಣಿಯನ್ನು ಮಗುಚಿ ಕೆಳಗಿನಿಂದ ನೋಡಿದರೆ ಆ ಗೋಡೆ ಅರ್ಧಕ್ಕೇ ನಿಂತಿದೆ. ಎರಡು ತೂತುಗಳೂ ಕೂಡಿಕೊಂಡು ಬೀಗದ ಕಿಂಡಿಯ ಆಕಾರ ತಾಳಿವೆ. ಇದನ್ನು ಒಂದು ರಂಧ್ರ ಎನ್ನಬೇಕೋ, ಎರಡು ಎನ್ನಬೇಕೋ? ಅಂಗರಚನಾಶಾಸ್ತ್ರ ಕಲಿಸಲು ಬಂದ ಮೊದಲ ವರ್ಷ ನಾನು ‘ಎರಡು’ ಎಂದು ಬರೆದೆ. ಎರಡು ವರ್ಷಗಳ ಬಳಿಕ ಅದೇ ಮಣಿಯ ಮುಂದೆ ‘ಒಂದು, ಅರೆಗೋಡೆಯುಳ್ಳದ್ದು’ ಎಂದು ಬರೆದೆ. ಎರಡೂ ಸಲ ಕಣ್ಣು ಸರಿಯಾಗಿಯೇ ನೋಡಿತ್ತು. ಎಣಿಸಲು ಒಂದು ನಿಯಮ ಮಾತ್ರ ನನ್ನ ಬಳಿ ಇರಲಿಲ್ಲ.

ಈಗ ನನ್ನ ವಿದ್ಯಾರ್ಥಿಗಳಿಗೆ ಮಣಿಗಳನ್ನು ಕೈಗೆ ಕೊಡುವ ಮೊದಲು ಹೇಳುವ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪ್ರಬಂಧಕ್ಕಾಗಿ ಮೂಳೆ ಅಳೆಯುವವರಿಗೆ, ಮೂಳೆಯ ಪರೀಕ್ಷೆಗೆ ಕೂರುವವರಿಗೆ, ಸ್ಕ್ಯಾನ್ ಓದಲು ಕಲಿಯುತ್ತಿರುವವರಿಗೆ ಇದು ನೆರವಾಗಬೇಕೆಂಬುದು ನನ್ನ ಆಸೆ.

ಮೊದಲು ರಂಧ್ರದ ಪರಿಚಯ ಇರಲಿ. ಕುತ್ತಿಗೆಯಲ್ಲಿ ಏಳು ಮಣಿಗಳಿವೆ. ಪ್ರತಿಯೊಂದರ ನಡುವೆ ಬೆನ್ನುಹುರಿ ಹಾಯುವ ದೊಡ್ಡ ರಂಧ್ರವಿದೆ. ಅದು ಎಲ್ಲ ಬೆನ್ನುಮಣಿಗಳಿಗೂ ಸಾಮಾನ್ಯ. ಕುತ್ತಿಗೆಮಣಿಯ ಸ್ವಂತ ಗುರುತು ಎಂದರೆ ಎಡಬಲದ ಅಡ್ಡಚಾಚುಗಳಲ್ಲಿರುವ ಸಣ್ಣ ರಂಧ್ರ. ಪುಸ್ತಕಗಳಲ್ಲಿ ಇದರ ಹೆಸರು ಫೊರಾಮೆನ್ ಟ್ರಾನ್ಸ್‌ವರ್ಸೇರಿಯಮ್. ನಾನು ಅಡ್ಡರಂಧ್ರ ಎನ್ನುತ್ತೇನೆ. ಸಬ್‌ಕ್ಲೇವಿಯನ್ ಅಪಧಮನಿಯಿಂದ (ಕೊರಳೆಲುಬಿನ ಕೆಳಗೆ ಹಾಯುವ ದೊಡ್ಡ ರಕ್ತನಾಳ) ಹೊರಟ ಕಶೇರು ಅಪಧಮನಿ ಸಾಮಾನ್ಯವಾಗಿ ಆರನೆಯ ಮಣಿಯ ಅಡ್ಡರಂಧ್ರವನ್ನು ಹೊಕ್ಕು, ಒಂದೊಂದೇ ಮಣಿಯನ್ನು ದಾಟುತ್ತಾ ಮೊದಲನೆಯ ಮಣಿಯವರೆಗೆ ಏರಿ, ತಲೆಬುರುಡೆಯೊಳಗೆ ಹೋಗಿ ಮೆದುಳಿನ ಹಿಂಭಾಗಕ್ಕೆ ರಕ್ತ ಕೊಡುತ್ತದೆ. ಜೊತೆಗೆ ಅಭಿಧಮನಿಗಳ ಜಾಲವೂ ಅನುವೇದನಾ (ಸಿಂಪಥೆಟಿಕ್) ನರಗಳ ಎಳೆಗಳೂ ಇರುತ್ತವೆ. ಏಳನೆಯ ಮಣಿಯ ಕಥೆ ಬೇರೆ. ಅಪಧಮನಿ ಅದರ ಅಡ್ಡಚಾಚಿನ ಮುಂದಿನಿಂದ ಹಾದುಹೋಗುತ್ತದೆ. ರಂಧ್ರದೊಳಗೆ ಹೆಚ್ಚಾಗಿ ಅಭಿಧಮನಿಯಷ್ಟೇ ಇರುತ್ತದೆ. ಅದಕ್ಕೇ ಅಲ್ಲಿನ ರಂಧ್ರ ಚಿಕ್ಕದು, ಕೆಲವೊಮ್ಮೆ ಇರುವುದೇ ಇಲ್ಲ. ನಾಯಿ, ಕುದುರೆಗಳ ಏಳನೆಯ ಮಣಿಯಲ್ಲಂತೂ ಈ ರಂಧ್ರ ಇಲ್ಲದಿರುವುದೇ ರೂಢಿ.

ಇನ್ನೊಂದು ಸಂಗತಿ ತಿಳಿದರೆ ಮುಂದಿನದೆಲ್ಲ ಸುಲಭ. ಅಡ್ಡರಂಧ್ರವನ್ನು ಸುತ್ತುವರಿದ ಮೂಳೆ ಒಂದೇ ತುಂಡಾಗಿ ಹುಟ್ಟಿದ್ದಲ್ಲ. ಹಿಂದಿನ ಕಡ್ಡಿ ನಿಜವಾದ ಅಡ್ಡಚಾಚು. ಮುಂದಿನ ಕಡ್ಡಿ ಬೆಳೆಯದೇ ಉಳಿದ ಪಕ್ಕೆಲುಬಿನ ಮೊಳಕೆ. ಇವೆರಡೂ ಹೊರಬದಿಯಲ್ಲಿ ಕೂಡಿ, ನಡುವಿದ್ದ ರಕ್ತನಾಳಗಳನ್ನು ಅಪ್ಪಿಕೊಂಡಾಗ ರಂಧ್ರವಾಗುತ್ತದೆ. ನಾಳಗಳು ಮೊದಲಿನವು, ಮೂಳೆ ಆಮೇಲಿನದು. ಎರಡು ನಾಳಗಳ ನಡುವೆ ಮೂಳೆ ಬೆಳೆದರೆ ರಂಧ್ರ ಎರಡಾಗುತ್ತದೆ. ಮುಂದಿನ ಕಡ್ಡಿ ಪೂರ್ತಿ ಬೆಳೆಯದಿದ್ದರೆ ರಂಧ್ರ ಬಾಯಿ ತೆರೆದೇ ಉಳಿಯುತ್ತದೆ. ಏಳನೆಯ ಮಣಿಯಲ್ಲಿ ಆ ಪಕ್ಕೆಲುಬಿನ ಮೊಳಕೆ ಅತಿಯಾಗಿ ಬೆಳೆದರೆ ಕುತ್ತಿಗೆಯ ಪಕ್ಕೆಲುಬಾಗುತ್ತದೆ.

ಕೈಗೆತ್ತಿಕೊಳ್ಳುವುದು

ಬೇಕಾದ ಸಾಮಾನು ಕಡಿಮೆ. ಹತ್ತು ಪಟ್ಟು ಹಿಗ್ಗಿಸುವ ಮಸೂರ, ಓರೆಯಾಗಿ ಬೆಳಕು ಬಿಡಬಲ್ಲ ಸಣ್ಣ ಟಾರ್ಚ್, ಹಲ್ಲುಜ್ಜುವ ಬ್ರಷ್ಷಿನಿಂದ ಕಿತ್ತ ಒಂದೆರಡು ನೈಲಾನ್ ಎಳೆ, ಡಿಜಿಟಲ್ ವರ್ನಿಯರ್ ಕ್ಯಾಲಿಪರ್, ಮಿಲಿಮೀಟರ್ ಗುರುತಿನ ಅಳತೆಪಟ್ಟಿ, ಮೇಜಿನ ಮೇಲೆ ದಪ್ಪನೆಯ ಬಟ್ಟೆ. ಬಟ್ಟೆಯನ್ನು ಮರೆಯಬೇಡಿ. ಅಡ್ಡರಂಧ್ರದ ಮುಂದಿನ ಕಡ್ಡಿ ಬೆಂಕಿಕಡ್ಡಿಗಿಂತ ತೆಳ್ಳಗಿರಬಹುದು. ಗಟ್ಟಿ ಮೇಜಿನ ಮೇಲೆ ಮಣಿ ಒಮ್ಮೆ ಉರುಳಿದರೂ ಮುರಿಯುತ್ತದೆ. ಇದು ಒಬ್ಬ ಮನುಷ್ಯನ ದೇಹದ ಭಾಗ ಎಂಬುದನ್ನೂ ನೆನಪಿಡಿ. ನಾನು ಮಣಿಯನ್ನು ಎರಡು ಕೈಗಳಲ್ಲಿ ಹಿಡಿಯುತ್ತೇನೆ, ವಿದ್ಯಾರ್ಥಿಗಳೂ ಹಾಗೆಯೇ ಹಿಡಿಯಬೇಕೆಂದು ಕೇಳುತ್ತೇನೆ.

ಎಡ ಬಲ ತಪ್ಪಿದರೆ ಉಳಿದ ಕೆಲಸವೆಲ್ಲ ಹಾಳು. ಮಣಿಯ ಮುಳ್ಳು (ಹಿಂದಕ್ಕೆ ಚಾಚಿದ ಮೂಳೆ) ನಿಮ್ಮ ಕಡೆಗೆ, ಕಾಯ (ಮುಂದಿನ ದಪ್ಪ ಭಾಗ) ಆಚೆಗೆ, ಮೇಲ್ಮೈ ಮೇಲಕ್ಕೆ ಬರುವಂತೆ ಹಿಡಿಯಿರಿ. ಆಗ ಮಣಿಯ ಬಲ ನಿಮ್ಮ ಬಲವೇ ಆಗುತ್ತದೆ. ಮೇಲ್ಮೈ ಯಾವುದು ಎಂಬ ಅನುಮಾನ ಬಂದರೆ ಮೂರರಿಂದ ಏಳರವರೆಗಿನ ಮಣಿಗಳಲ್ಲಿ ಕಾಯದ ಅಂಚು ನೋಡಿ: ಎಡಬಲದಲ್ಲಿ ತುಟಿಯಂತೆ ಎದ್ದಿರುವುದು ಮೇಲ್ಮೈ. ಮೇಲಿನ ಕೀಲುಮುಖಗಳು ಮೇಲಕ್ಕೂ ಹಿಂದಕ್ಕೂ ನೋಡುತ್ತವೆ, ಕೆಳಗಿನವು ಕೆಳಕ್ಕೂ ಮುಂದಕ್ಕೂ ನೋಡುತ್ತವೆ.

ಆಮೇಲೆ ಮಣಿಯ ಸ್ಥಾನ. ಮೊದಲನೆಯದಕ್ಕೆ ಕಾಯವೂ ಇಲ್ಲ, ಮುಳ್ಳೂ ಇಲ್ಲ, ಅದೊಂದು ಉಂಗುರ. ಎರಡನೆಯದಕ್ಕೆ ಹಲ್ಲಿನಂತೆ ಮೇಲೆದ್ದ ಗೂಟವಿದೆ. ಏಳನೆಯದರ ಮುಳ್ಳು ಉದ್ದ, ತುದಿ ಸೀಳಿಲ್ಲ. ಈ ಮೂರನ್ನು ಧೈರ್ಯವಾಗಿ ಬರೆಯಿರಿ. ಆರನೆಯ ಮಣಿಯಲ್ಲಿ ಅಡ್ಡಚಾಚಿನ ಮುಂಗಂಟು ದೊಡ್ಡದಾಗಿರುತ್ತದೆ, ಆದರೆ ಅದೊಂದನ್ನೇ ನಂಬಿ ತೀರ್ಪು ಕೊಡಬೇಡಿ. ಒಬ್ಬರದೇ ಏಳು ಮಣಿಗಳು ಕೂಡಿ ಇಲ್ಲದೆ ಬಿಡಿಯಾಗಿ ಸಿಕ್ಕಿದ್ದಾದರೆ ‘ಸಿ-3ರಿಂದ ಸಿ-6ರೊಳಗಿನದು’ (ಸಿ-3 ಎಂದರೆ ಮೂರನೆಯ ಕುತ್ತಿಗೆಮಣಿ) ಎಂದು ಬರೆದು ಮುಂದೆ ಹೋಗಿ. ತಿಳಿಯದ್ದನ್ನು ತಿಳಿದಂತೆ ತುಂಬಿದ ಒಂದು ಕೋಷ್ಟಕವನ್ನು ಸರಿಪಡಿಸಲು ನನಗೆ ಒಂದು ಇಡೀ ರಜೆ ಹಿಡಿದಿದೆ.

ಮಕ್ಕಳ ಮಣಿಗಳನ್ನು ಈ ಎಣಿಕೆಗೆ ಸೇರಿಸಬೇಡಿ. ಕಡ್ಡಿಗಳು ಇನ್ನೂ ಕೂಡಿರದ ಮಣಿಯಲ್ಲಿ ತೆರೆದ ರಂಧ್ರ ಕಂಡರೆ ಅದು ಬೆಳವಣಿಗೆಯ ಒಂದು ಹಂತ.

ಮುರಿದದ್ದೋ, ಹುಟ್ಟಿನಿಂದಲೇ ತೆರೆದದ್ದೋ

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಭಾಗ ಇದು. ತೆರೆದ ಅಡ್ಡರಂಧ್ರ ನಿಜವಾಗಿಯೂ ಇದೆ. ಮೊದಲನೆಯ ಮಣಿಯಲ್ಲಿ ಮುಂದಿನ ಕಡ್ಡಿ ಕೂಡದೆ ಉಳಿದಿರುವುದನ್ನು ನೋಡಿದ್ದೇನೆ. ಆದರೆ ಹಳೆಯ ಪೆಟ್ಟಿಗೆಗಳಲ್ಲಿ ಮುರಿದ ಕಡ್ಡಿಗಳು ಅದಕ್ಕಿಂತ ಎಷ್ಟೋ ಹೆಚ್ಚು. ಎರಡನ್ನೂ ಬರಿಗಣ್ಣಿನಿಂದ ನೋಡಿದರೆ ಒಂದೇ ತೆರನಾಗಿ ಕಾಣುತ್ತವೆ.

ಮಸೂರ ಹಿಡಿದು, ಟಾರ್ಚನ್ನು ಪಕ್ಕದಿಂದ ಬಿಟ್ಟು, ಕಡ್ಡಿ ನಿಂತ ತುದಿಯನ್ನು ನೋಡಿ. ತುದಿ ಮೊಂಡಾಗಿ, ದುಂಡಾಗಿ, ಉಳಿದ ಮೂಳೆಯಷ್ಟೇ ನುಣುಪಾದ ಹೊದಿಕೆ ಹೊದ್ದಿದ್ದರೆ ಅದು ಹಾಗೆಯೇ ಬೆಳೆದದ್ದು. ತುದಿಯಲ್ಲಿ ಜೇನುಗೂಡಿನಂಥ ಸಣ್ಣ ಸಣ್ಣ ಕೋಣೆಗಳು ತೆರೆದು ಕಂಡರೆ, ಅಂಚು ಉಗುರಿಗೆ ತರಚುವಂತಿದ್ದರೆ, ಅದು ಮುರಿದದ್ದು. ಹಳೆಯ ಮುರಿತದಲ್ಲಿ ಆ ಕೋಣೆಗಳೊಳಗೆ ಧೂಳು ಕೂತು ಕಂದಾಗಿರುತ್ತವೆ. ಹೊಸ ಮುರಿತ ಬೆಳ್ಳಗಿರುತ್ತದೆ. ಮುರಿದ ಅಂಚಿನ ಮೇಲೆ ವಾರ್ನಿಷ್ ಬಳಿದಿದ್ದರೆ ಮಾತ್ರ ಹೊಳಪಿನಿಂದ ಮೋಸ ಹೋಗಬಹುದು. ಆಗ ಎದುರು ತುದಿಯನ್ನೂ ನೋಡಿ. ಬೆಳವಣಿಗೆಯಲ್ಲಿ ತೆರೆದುಳಿದ ರಂಧ್ರದ ಎರಡೂ ತುದಿಗಳು ಸಾಮಾನ್ಯವಾಗಿ ತೆಳುವಾಗುತ್ತಾ ಬಂದು ನಿಂತಿರುತ್ತವೆ. ಮುರಿದದ್ದರಲ್ಲಿ ಕಡ್ಡಿ ಒಂದೇ ದಪ್ಪದಲ್ಲಿ ಬಂದು ತಟ್ಟನೆ ಕಡಿದು ಹೋಗಿರುತ್ತದೆ.

ಒಮ್ಮೆ ಒಬ್ಬ ವಿದ್ಯಾರ್ಥಿನಿ ಸಂತೋಷದಿಂದ ಓಡಿಬಂದು, ಎರಡೂ ಕಡೆ ತೆರೆದ ರಂಧ್ರವಿರುವ ಮೊದಲನೆಯ ಮಣಿ ಸಿಕ್ಕಿತು ಎಂದಳು. ಮಸೂರದಡಿ ಇಟ್ಟೆವು. ಬಲದ ತುದಿ ನುಣುಪು, ದುಂಡು. ಎಡದ್ದರಲ್ಲಿ ಜೇನುಗೂಡು ಕಂಡಿತು. ಅವಳು ಕೆಲಹೊತ್ತು ಮಾತನಾಡಲಿಲ್ಲ. ಆಮೇಲೆ ತಾನೇ ‘ಬಲ: ತೆರೆದದ್ದು. ಎಡ: ಮುರಿದದ್ದು, ಎಣಿಕೆಗೆ ಇಲ್ಲ’ ಎಂದು ಬರೆದಳು. ಆ ಸಾಲನ್ನು ನಾನು ಈಗಲೂ ಹೊಸಬರಿಗೆ ತೋರಿಸುತ್ತೇನೆ. ಪಕ್ಕ ಪಕ್ಕದಲ್ಲೇ ಎರಡು ಸಂಗತಿಗಳು, ಎರಡಕ್ಕೂ ಬೇರೆ ಬೇರೆ ತೀರ್ಪು, ಒಂದು ಇನ್ನೊಂದನ್ನು ಎಳೆದುಕೊಂಡಿಲ್ಲ.

ಮೂಳೆಗಳನ್ನು ತಂತಿಯಲ್ಲಿ ಪೋಣಿಸಲು ಕೊರೆದ ತೂತುಗಳ ಬಗ್ಗೆಯೂ ಎಚ್ಚರ ಬೇಕು. ಕೊರೆದ ತೂತು ಗೆರೆ ಎಳೆದಂತೆ ವೃತ್ತಾಕಾರವಾಗಿರುತ್ತದೆ, ಒಳಗೋಡೆಯಲ್ಲಿ ಜೇನುಗೂಡು ಕಾಣುತ್ತದೆ. ನಾಳಕ್ಕಾಗಿ ಆದ ರಂಧ್ರದ ಒಳಗೋಡೆ ನುಣುಪು, ಬಾಯಿಯ ಅಂಚು ಒಳಕ್ಕೆ ಇಳಿಜಾರು.

ಎಣಿಸುವುದು

ಎಣಿಸುವ ಮೊದಲು ನಿಯಮಗಳನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ನನ್ನವು ಹೀಗಿವೆ, ನಿಮ್ಮವು ಬೇರೆಯಾಗಿದ್ದರೂ ಸರಿ, ಕೊನೆಯವರೆಗೆ ಬದಲಾಗಬಾರದು.

ನೈಲಾನ್ ಎಳೆ ಒಂದು ಮೈಯಿಂದ ಹೊಕ್ಕು ಇನ್ನೊಂದು ಮೈಯಿಂದ ಹೊರಬಂದರೆ ಮಾತ್ರ ಅದು ರಂಧ್ರ. ಒಳಗೇ ನಿಂತರೆ ಕುಳಿ. ಅಗಲ ಒಂದು ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಮೂಳೆಗೆ ಪೋಷಣೆ ಒಯ್ಯುವ ಸೂಕ್ಷ್ಮನಾಳದ ದಾರಿ ಎಂದು ಬಿಡುತ್ತೇನೆ. ನಡುಗೋಡೆ ಒಂದು ಮೈಯಲ್ಲಾದರೂ ಈ ಅಂಚಿನಿಂದ ಆ ಅಂಚಿಗೆ ಪೂರ್ತಿ ಮುಟ್ಟಿದ್ದರೆ ‘ಎರಡು’. ಎಲ್ಲಿಯೂ ಮುಟ್ಟದೆ ಮುಳ್ಳಿನಂತೆ ಚಾಚಿಕೊಂಡಿದ್ದರೆ ‘ಒಂದು, ಅರೆಗೋಡೆ’. ಮೇಲಿನ ಬಾಯಿ, ಕೆಳಗಿನ ಬಾಯಿ ಎರಡನ್ನೂ ಬೇರೆ ಬೇರೆ ಬರೆಯುವುದು ಕಡ್ಡಾಯ. ಈ ನಿಯಮ ಬಂದ ಮೇಲೆ ಹದಿನೇಳನೆಯ ಪೆಟ್ಟಿಗೆಯ ಮಣಿ ‘ಎರಡು’ ಎಂಬಲ್ಲಿ ನಿಂತಿದೆ.

ಹೆಚ್ಚುವರಿ ರಂಧ್ರ ಸಾಮಾನ್ಯವಾಗಿ ಮುಖ್ಯ ರಂಧ್ರದ ಹಿಂದಿರುತ್ತದೆ, ಅದಕ್ಕಿಂತ ಚಿಕ್ಕದಾಗಿರುತ್ತದೆ. ಕೆಳಗಿನ ಮಣಿಗಳಲ್ಲಿ, ಅಂದರೆ ಐದು, ಆರು, ಏಳರಲ್ಲಿ ಇದನ್ನು ಹೆಚ್ಚು ಕಾಣುತ್ತೇವೆ. ಮೂರು ರಂಧ್ರಗಳು ತೀರ ವಿರಳ. ಹಾಗೆ ಕಂಡರೆ ಇನ್ನೊಬ್ಬರ ಕಣ್ಣಿಗೂ ತೋರಿಸಿ.

ಮೊದಲನೆಯ ಮಣಿಯಲ್ಲಿ ಹೊಸಬರು ತಪ್ಪದೆ ಎಡವುವ ಒಂದು ಜಾಗವಿದೆ. ಮೇಲಿನ ಕೀಲುಮುಖದ ಹಿಂದೆ, ಹಿಂದಿನ ಕಮಾನಿನ (ಬೆನ್ನುಹುರಿಯನ್ನು ಹಿಂದಿನಿಂದ ಸುತ್ತುವ ಮೂಳೆಯ) ಮೇಲೆ, ಕಶೇರು ಅಪಧಮನಿ ಮಲಗಿ ಹೋಗುವ ತೋಡು ಇದೆ. ಕೆಲವರಲ್ಲಿ ಆ ತೋಡಿನ ಮೇಲೆ ಮೂಳೆಯ ಸೇತುವೆ ಬೆಳೆದು ಅದೂ ಒಂದು ರಂಧ್ರವಾಗುತ್ತದೆ. ಅದರ ಹೆಸರು ಆರ್ಕುಯೇಟ್ ಫೊರಾಮೆನ್. ಅದನ್ನು ಹೆಚ್ಚುವರಿ ಅಡ್ಡರಂಧ್ರ ಎಂದು ಎಣಿಸುವಂತಿಲ್ಲ; ಅದಕ್ಕೆ ಪ್ರತ್ಯೇಕ ಅಂಕಣ ಬೇಕು, ಸೇತುವೆ ಪೂರ್ಣವೋ ಅರ್ಧವೋ ಎಂದೂ ಬರೆಯಬೇಕು. ಈ ಸೇತುವೆಯನ್ನು ದಪ್ಪನೆಯ ಕಮಾನು ಎಂದು ತಪ್ಪು ತಿಳಿದು ಶಸ್ತ್ರಚಿಕಿತ್ಸಕರು ಅದರ ಮೂಲಕ ಸ್ಕ್ರೂ ಹಾಕಿದರೆ ಕೆಳಗಿರುವ ಅಪಧಮನಿಗೆ ಗಾಯವಾಗಬಹುದು. ಆದ್ದರಿಂದ ಈ ಅಂಕಣವನ್ನು ಖಾಲಿ ಬಿಡಬೇಡಿ. ಸೇತುವೆ ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಿರಿ.

ಶೇಕಡಾ ಲೆಕ್ಕ ಹಾಕುವಾಗ ಭಾಗಿಸುವ ಸಂಖ್ಯೆ ಯಾವುದು ಎಂದು ಹೇಳಲೇಬೇಕು. 100 ಮಣಿಗಳಲ್ಲಿ 12ರಲ್ಲಿ ಹೆಚ್ಚುವರಿ ರಂಧ್ರ ಕಂಡಿತು ಎನ್ನೋಣ. ಅವುಗಳಲ್ಲಿ 4 ಮಣಿಗಳಲ್ಲಿ ಎರಡೂ ಕಡೆ, 8ರಲ್ಲಿ ಒಂದೇ ಕಡೆ. ಮಣಿಗಳ ಲೆಕ್ಕದಲ್ಲಿ ಇದು 12%. ಪಕ್ಕಗಳ ಲೆಕ್ಕದಲ್ಲಿ 200ಕ್ಕೆ 16, ಅಂದರೆ 8%. ಎರಡೂ ನಿಜ. ಯಾವುದೆಂದು ಹೇಳದೆ ಒಂದನ್ನು ಮಾತ್ರ ಬರೆದರೆ ನಿಮ್ಮ ಅಂಕಿಯನ್ನು ಇನ್ನೊಬ್ಬರ ಅಂಕಿಯ ಪಕ್ಕದಲ್ಲಿ ಇಡಲಾಗದು. ಮುರಿದ ಪಕ್ಕಗಳನ್ನು ಬಿಟ್ಟಿದ್ದರೆ 200 ಎಂಬುದೂ ಕಡಿಮೆಯಾಗಬೇಕು.

ಆಕಾರ ಮತ್ತು ಅಳತೆ

ಆಕಾರಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. 1978ರಲ್ಲಿ ಟೈಟ್ಜ್, ನಾಥನ್, ಅರೆನ್ಸ್‌ಬರ್ಗ್ ಎಂಬ ಮೂವರು 480 ಮಣಿಗಳನ್ನು ನೋಡಿ ಐದು ಆಕಾರಗಳನ್ನು ಗುರುತಿಸಿದರು: ದುಂಡು, ಹಿಂದುಮುಂದಾಗಿ ಉದ್ದವಿರುವ ಅಂಡಾಕಾರ, ಅಡ್ಡಲಾಗಿ ಉದ್ದವಿರುವ ಅಂಡಾಕಾರ, ಬಲಕ್ಕೊಂದು ಎಡಕ್ಕೊಂದು ಓರೆಯಾಗಿರುವ ಎರಡು ಅಂಡಾಕಾರಗಳು. ಬಹಳ ಮಂದಿ ಇದನ್ನೇ ಬಳಸುತ್ತಾರೆ, ನೀವೂ ಬಳಸಿದರೆ ಹೋಲಿಕೆ ಸುಲಭ. ಎರಡು ಅಳತೆಗಳ ವ್ಯತ್ಯಾಸ ಎಷ್ಟಿದ್ದರೆ ದುಂಡು ಎನ್ನಬೇಕು ಎಂಬುದನ್ನು ಮಾತ್ರ ಮೊದಲೇ ತೀರ್ಮಾನಿಸಿ.

ಅಳತೆಗೆ ಒಳ ದವಡೆಗಳಿರುವ ಕ್ಯಾಲಿಪರ್ ಬೇಕು. ದವಡೆಗಳನ್ನು ನಿಧಾನವಾಗಿ ತೆರೆದು, ಮೂಳೆಗೆ ಮುಟ್ಟಿತು ಎನ್ನುವಷ್ಟರಲ್ಲಿ ನಿಲ್ಲಿಸಿ, ಒತ್ತಬೇಡಿ. ಹಿಂದುಮುಂದಿನ ಅಳತೆ ಒಂದು, ಅಡ್ಡ ಅಳತೆ ಒಂದು. ಮುಖ್ಯ ರಂಧ್ರ ಹೆಚ್ಚಾಗಿ 5ರಿಂದ 7 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ತೀರ ಚಿಕ್ಕ ರಂಧ್ರಕ್ಕೆ ಕ್ಯಾಲಿಪರ್ ಹೊಂದದು: ದವಡೆಯ ಅಂಚು ಚಪ್ಪಟೆಯಾಗಿರುವುದರಿಂದ ಬಾಗಿದ ಗೋಡೆಯ ನಟ್ಟನಡುವೆ ಮುಟ್ಟದೆ, ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅಲ್ಲಿ ನಾನು ಗೊತ್ತಿರುವ ದಪ್ಪದ ನಯವಾದ ಲೋಹದ ಕಡ್ಡಿಗಳನ್ನು ಒಂದಾದ ಮೇಲೊಂದು ಇಳಿಬಿಟ್ಟು, ಸಲೀಸಾಗಿ ಹೋಗುವ ಅತಿ ದಪ್ಪದ್ದನ್ನು ಬರೆದುಕೊಳ್ಳುತ್ತೇನೆ. ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಅಳೆಯುವುದಾದರೆ ಅಳತೆಪಟ್ಟಿ ರಂಧ್ರದ ಬಾಯಿಯ ಮಟ್ಟಕ್ಕೇ ಬರುವಂತೆ ಕೆಳಗೆ ಏನಾದರೂ ಇಟ್ಟು ಎತ್ತರಿಸಿ. ಪಟ್ಟಿ ಮೇಜಿನ ಮೇಲೆ, ರಂಧ್ರ ಅದಕ್ಕಿಂತ ಒಂದೂವರೆ ಸೆಂಟಿಮೀಟರ್ ಮೇಲೆ ಇದ್ದರೆ ಕ್ಯಾಮೆರಾಗೆ ಹತ್ತಿರವಿರುವ ರಂಧ್ರ ದೊಡ್ಡದಾಗಿ ಕಂಡು ಅಳತೆ ತಪ್ಪುತ್ತದೆ.

ಎರಡನೆಯ ಮಣಿಯಲ್ಲಿ ಅಡ್ಡರಂಧ್ರ ನೇರ ತೂತಲ್ಲ; ಮೇಲಕ್ಕೂ ಹೊರಕ್ಕೂ ಬಾಗಿದ ಕಾಲುವೆ. ಮೇಲಿನಿಂದ ಕಣ್ಣಿಟ್ಟರೆ ಆಚೆಯ ಬೆಳಕು ಕಾಣದೇ ಇರಬಹುದು. ರಂಧ್ರವೇ ಇಲ್ಲ ಎಂದು ಬರೆಯುವ ಮೊದಲು ಎಳೆ ತೂರಿಸಿ ನೋಡಿ. ಇಲ್ಲಿ ಮೇಲಿನ ಬಾಯಿ ಮತ್ತು ಕೆಳಗಿನ ಬಾಯಿಯ ಅಳತೆಗಳು ಬೇರೆಯಾಗಿರುತ್ತವೆ, ಯಾವುದನ್ನು ಅಳೆದಿರಿ ಎಂಬುದು ಪ್ರತಿ ಸಾಲಿನಲ್ಲೂ ಇರಬೇಕು.

ಅಳೆದದ್ದನ್ನು ಒಂದು ವಾರ ಬಿಟ್ಟು, ಹಳೆಯ ಅಂಕಿಗಳನ್ನು ನೋಡದೆ ಮತ್ತೆ ಅಳೆಯಿರಿ. ಎರಡು ಅಳತೆಗಳ ವ್ಯತ್ಯಾಸವನ್ನು ವರ್ಗ ಮಾಡಿ, ಎಲ್ಲವನ್ನೂ ಕೂಡಿಸಿ, ಮಣಿಗಳ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಹತ್ತು ಮಣಿಗಳಲ್ಲಿ ವರ್ಗಗಳ ಮೊತ್ತ 0.80 ಬಂದರೆ, 20ರಿಂದ ಭಾಗಿಸಿದಾಗ 0.04, ಅದರ ವರ್ಗಮೂಲ 0.2 ಮಿಲಿಮೀಟರ್. ಇದು ನಿಮ್ಮ ಕೈಯ ದೋಷ. ಕ್ಯಾಲಿಪರಿನ ಪರದೆ 0.01 ತೋರಿಸುತ್ತದೆ ನಿಜ. ಆದರೆ ಕೈಯ ದೋಷ 0.2 ಇರುವಾಗ ಎಡಬಲಗಳ 0.15ರ ವ್ಯತ್ಯಾಸವನ್ನು ಅಸಮತೆ ಎಂದು ಸಾರುವುದು ನ್ಯಾಯವಲ್ಲ.

ಅರ್ಥ ಹೇಳುವಾಗ

ಒಣಮೂಳೆ ನಾಳದ ಅಚ್ಚು ಮಾತ್ರ, ನಾಳವಲ್ಲ. ಕಶೇರು ಅಪಧಮನಿಯ ಅಗಲ ಸಾಮಾನ್ಯವಾಗಿ 3ರಿಂದ 4 ಮಿಲಿಮೀಟರ್. ಉಳಿದ ಜಾಗದಲ್ಲಿ ಅಭಿಧಮನಿ ಜಾಲ, ನರದ ಎಳೆಗಳು, ಕೊಬ್ಬು ಇರುತ್ತವೆ. ಆದ್ದರಿಂದ ರಂಧ್ರ ದೊಡ್ಡದೆಂದು ಅಪಧಮನಿಯೂ ಅಷ್ಟೇ ದೊಡ್ಡದು ಎನ್ನಲಾಗದು. ಎಡ ಅಪಧಮನಿ ಬಲಕ್ಕಿಂತ ದೊಡ್ಡದಾಗಿರುವುದು ಹೆಚ್ಚು. ಎಡ ರಂಧ್ರ ತುಸು ದೊಡ್ಡದಾಗಿ ಕಂಡರೆ ಅಚ್ಚರಿಯಿಲ್ಲ. ಎರಡು ರಂಧ್ರಗಳಿದ್ದರೆ ಒಂದರಲ್ಲಿ ಅಪಧಮನಿ, ಇನ್ನೊಂದರಲ್ಲಿ ಅಭಿಧಮನಿಯೋ ನರವೋ ಇರಬಹುದು; ಅಪಧಮನಿಯೇ ಕವಲೊಡೆದಿರಲೂಬಹುದು. ಒಣಮೂಳೆಯನ್ನು ಕೇಳಿದರೆ ಅದು ಇದಕ್ಕೆ ಉತ್ತರ ಕೊಡದು. ಏಳನೆಯ ಮಣಿಯಲ್ಲಿ ಅಪಧಮನಿಯ ಮಾತನ್ನು ಎತ್ತುವುದೇ ಬೇಡ.

ರಂಧ್ರ ಅಸಾಧಾರಣವಾಗಿ ಅಗಲವಾಗಿ, ಒಳಗೋಡೆ ಮಣಿಯ ಕಾಯದೊಳಕ್ಕೆ ತಗ್ಗಿದ್ದರೆ, ಸುತ್ತಿಬಳಸಿದ ಅಪಧಮನಿ ಮೂಳೆಯನ್ನು ಸವೆಸಿರಬಹುದು ಎಂದು ಷರಾ ಬರೆಯಿರಿ. ಕಾಯದ ಅಂಚಿನಿಂದ ಬೆಳೆದ ಮೂಳೆಮುಳ್ಳು ರಂಧ್ರದೊಳಕ್ಕೆ ಬಾಗಿದ್ದರೆ ಅದನ್ನೂ ಬರೆಯಿರಿ. ಶಸ್ತ್ರಚಿಕಿತ್ಸಕರಿಗೆ ಇಂಥ ಷರಾಗಳು ಬೇಕು, ಏಕೆಂದರೆ ಕಮಾನಿನ ಬುಡದಲ್ಲಿ ಅವರು ಸ್ಕ್ರೂ ಹಾಕುವ ಕಂಬದ ಹೊರಗೋಡೆಯೇ ಅಡ್ಡರಂಧ್ರದ ಒಳಗೋಡೆ. ಆ ಕಂಬದ ಗೋಡೆಗಳಲ್ಲಿ ಅತಿ ತೆಳುವಾದದ್ದೂ ಅದೇ.

ಸಿಟಿ ಸ್ಕ್ಯಾನಿನಲ್ಲಿ ನೋಡುವವರಿಗೆ ಎರಡು ಮಾತು. ಚಿತ್ರದ ಸೀಳು (ಸ್ಲೈಸ್) ದಪ್ಪವಾಗಿದ್ದರೆ ತೆಳುವಾದ ನಡುಗೋಡೆ ಮಾಯವಾಗಿ ಎರಡು ರಂಧ್ರ ಒಂದಾಗಿ ಕಾಣುತ್ತದೆ. ಸೀಳು ಓರೆಯಾಗಿದ್ದರೆ ದುಂಡು ರಂಧ್ರ ಅಂಡಾಕಾರವಾಗುತ್ತದೆ. ಚಿತ್ರವನ್ನು ಕಾಲುವೆಯ ದಿಕ್ಕಿಗೆ ಲಂಬವಾಗಿ ತಿರುಗಿಸಿದ ಮೇಲೆಯೇ ಆಕಾರ ಬರೆಯಿರಿ. ತಮ್ಮದೇ ವರದಿಯಲ್ಲಿ ‘ಹೆಚ್ಚುವರಿ ರಂಧ್ರ’ ಎಂದು ಓದಿ ಹೆದರಿದವರು ಯಾರಾದರೂ ಇದನ್ನು ನೋಡುತ್ತಿದ್ದರೆ: ಅದು ಕಾಯಿಲೆಯ ಹೆಸರಲ್ಲ, ಮೂಳೆ ಬೆಳೆದ ಒಂದು ಬಗೆ. ನಿಮ್ಮ ತೊಂದರೆಗೂ ಅದಕ್ಕೂ ಸಂಬಂಧವಿದೆಯೇ ಎಂಬುದನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರನ್ನೇ ಕೇಳಿ.

ಬರೆಯುವ ಮಾದರಿ ಬೇಕೆಂದವರಿಗೆ ಹದಿನೇಳನೆಯ ಪೆಟ್ಟಿಗೆಯ ಆ ಮಣಿಯ ಬಗ್ಗೆ ನನ್ನ ಪುಸ್ತಕದಲ್ಲಿ ಈಗ ಇರುವ ಬರಹ ಇದು:

‘ಪೆಟ್ಟಿಗೆ 17. ಸಿ-6, ಒಬ್ಬರದೇ ಏಳು ಮಣಿಗಳ ಸಾಲಿನಿಂದ. ವಯಸ್ಕ. ಬಲ: ಒಂದು, ದುಂಡು, ಮೇಲಿನ ಬಾಯಿ ಹಿಂದುಮುಂದು 5.6, ಅಡ್ಡ 5.8. ಎಡ: ಎರಡು. ಮುಖ್ಯ ರಂಧ್ರ ಅಡ್ಡ ಅಂಡಾಕಾರ, ಮೇಲಿನ ಬಾಯಿ ಹಿಂದುಮುಂದು 5.1, ಅಡ್ಡ 6.2. ಹೆಚ್ಚುವರಿ ರಂಧ್ರ ಮುಖ್ಯದ ಹಿಂದೆ, 2.0ರ ಕಡ್ಡಿ ಹೋಗುತ್ತದೆ, 2.5ರದ್ದು ಹೋಗದು. ನಡುಗೋಡೆ ಮೇಲೆ ಪೂರ್ಣ, ಕೆಳಗೆ ಅಪೂರ್ಣ. ಅಂಚು ನುಣುಪು, ಮುರಿತವಿಲ್ಲ. ಎಳೆ ಎರಡರಲ್ಲೂ ಹಾಯುತ್ತದೆ. ಎರಡನೆಯ ಅಳತೆ ಒಂಬತ್ತು ದಿನಗಳ ಬಳಿಕ, ವ್ಯತ್ಯಾಸ 0.2ರೊಳಗೆ. ಮೇಲೆ, ಕೆಳಗೆ ಒಂದೊಂದು ಫೋಟೊ ಇದೆ. ಗೋಡೆ ತೀರ ತೆಳು. ಇನ್ನು ಕ್ಯಾಲಿಪರ್ ತಾಗಿಸಬಾರದು.’